ಬೆಂಕಿಕಡ್ಡಿಯ ಮುತ್ತಜ್ಜಿ

ಶ್ರೀಮತಿ ಆನಿ ಬೆಸೆಂಟರನ್ನು ಓದುಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಯಾರಿನ ಬ್ರಹ್ಮವಿದ್ಯಾ ಸಮಾಜ, ಕಾಶಿಯ ಹಿಂದೂ ಕಾಲೇಜು, ಹೋಂ ರೂಲ್ ಚಳವಳಿ, 1917ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠ, ಇವೆಲ್ಲವೂ ಅವರ ಹೆಸರಿನೊಡನೆ ಹೆಣೆದುಕೊಂಡಿವೆ. ಮಂಗಳೂರಿನಲ್ಲಿ 1918ರಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ ಅವರ ಹೆಸರನ್ನೇ ಹೊತ್ತು ಬೆಳೆಯಿತು. ಆದರೆ ಅವರು 1893ರಲ್ಲಿ ಭಾರತಕ್ಕೆ ಬರುವುದಕ್ಕೆ ಐದು ವರ್ಷ ಮೊದಲು, ಲಂಡನ್ನಿನ ಫ್ಲೀಟ್ ಸ್ಟ್ರೀಟಿಗೆ ಹೊಂದಿದ ಒಂದು ಓಣಿಯಲ್ಲಿ, ಅವರ ಪತ್ರಿಕೆಯ ಕಚೇರಿಯ ಮುಂದೆ ನಡೆದ ಒಂದು ಘಟನೆ ಇಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1888ರ ಜುಲೈ ತಿಂಗಳ ಮೊದಲ ವಾರ. ಪೂರ್ವ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯಿಂದ ಸುಮಾರು ಇನ್ನೂರು ಹೆಂಗಸರು, ಹೆಚ್ಚಿನವರು ಇನ್ನೂ ಹುಡುಗಿಯರೇ, ಮೈಲಿಗಟ್ಟಲೆ ನಡೆದು ಬಂದು ಆ ಓಣಿಯನ್ನು ತುಂಬಿದರು. ಅಷ್ಟು ಜನರಿಗೆ ಒಳಗೆ ಸ್ಥಳವೆಲ್ಲಿ? ಮೂವರು ಮಾತ್ರ ಪ್ರತಿನಿಧಿಗಳಾಗಿ ಒಳಗೆ ಹೋದರು. ಶ್ರೀಮತಿ ನಾಲ್ಸ್, ಶ್ರೀಮತಿ ಕಮಿಂಗ್ಸ್, ಕುಮಾರಿ ಸಾರಾ ಚಾಪ್‌ಮನ್.

ಒಳಗೆ ಕುಳಿತಿದ್ದವರ ಜೀವನಚರಿತ್ರೆಗಳು ಕಪಾಟು ತುಂಬುವಷ್ಟಿವೆ. ಅವರೇ ಬರೆದ ಆತ್ಮಕಥೆಯೂ ಇದೆ. ಒಳಗೆ ಹೋದ ಸಾರಾ ಯಾರು, ಎಲ್ಲಿ ಹುಟ್ಟಿದಳು, ಆಮೇಲೆ ಏನಾದಳು ಎಂದು ನೂರು ವರ್ಷಕ್ಕಿಂತ ಹೆಚ್ಚುಕಾಲ ಯಾರೂ ಕೇಳಲಿಲ್ಲ. ಆಕೆಯ ಸ್ವಂತ ವಂಶದವರಿಗೇ ಈ ಸಂಗತಿ ಗೊತ್ತಿರಲಿಲ್ಲವೆಂದ ಮೇಲೆ ಹೊರಗಿನವರನ್ನು ದೂಷಿಸಿ ಫಲವೇನು?

ಶ್ರೀಮಂತರ ಮನೆತನಗಳಿಗೆ ವಂಶಾವಳಿಯಿರುತ್ತದೆ, ತೈಲಚಿತ್ರಗಳಿರುತ್ತವೆ, ಉಯಿಲುಗಳಿರುತ್ತವೆ. ಕೂಲಿಯವರ ಮನೆಯಲ್ಲಿ ಉಳಿಯುವುದು ಬಹಳವೆಂದರೆ ಹಿಂದೆ ಹೆಸರು ಬರೆಯದ ಒಂದು ಮಾಸಿದ ಭಾವಚಿತ್ರ. ಹಾಗಾದರೆ ಇಂಥವರ ಬದುಕನ್ನು ಮತ್ತೆ ಕಟ್ಟುವುದು ಹೇಗೆ? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಈ ಒಂದು ವಿಷಯದಲ್ಲಿ ತನ್ನ ಬಡವರಿಗೆ, ತಿಳಿದೋ ತಿಳಿಯದೆಯೋ, ಒಂದು ಉಪಕಾರ ಮಾಡಿತು. ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಜನನ, ಮರಣ, ವಿವಾಹಗಳನ್ನು ಸರಕಾರವೇ ನೊಂದಾಯಿಸುವ ಪದ್ಧತಿ ಆರಂಭವಾದದ್ದು ಅದೇ ಜುಲೈ 1ರಂದು. ಅಂದಿನಿಂದ ಗುಡಿಸಲಿನಲ್ಲಿ ಹುಟ್ಟಿದ ಮಗುವಿಗೂ ಒಂದು ಸಾಲು ದೊರೆಯಿತು: ಹುಟ್ಟಿದ ದಿನ, ಸ್ಥಳ, ತಂದೆಯ ಹೆಸರು ಮತ್ತು ಕಸುಬು, ತಾಯಿಯ ತವರಿನ ಹೆಸರು, ಕೊನೆಗೆ ವಿಷಯ ತಿಳಿಸಿದವರ ರುಜು. ರುಜು ಹಾಕಲು ಬಾರದವರು ಒಂದು ಅಡ್ಡಗೆರೆಯ ಗುರುತು ಹಾಕಿದರು. ಸಾವಿರಾರು ತಾಯಂದಿರು ಈ ಲೋಕದಲ್ಲಿ ಬಿಟ್ಟುಹೋದ ಏಕೈಕ ಕೈಬರಹ ಆ ಗುರುತೇ.

ಇದಕ್ಕೆ ಜೊತೆಯಾಗಿ ಹತ್ತು ವರ್ಷಕ್ಕೊಮ್ಮೆ ಖಾನೇಷುಮಾರಿ. ಒಂದು ಗೊತ್ತಾದ ರಾತ್ರಿ ಯಾವ ಸೂರಿನ ಕೆಳಗೆ ಯಾರು ಯಾರು ಮಲಗಿದ್ದರೆಂದು ಮನೆಮನೆಗೂ ಬಂದು ಬರೆದುಕೊಳ್ಳುತ್ತಿದ್ದರು. ಈ ಪುಸ್ತಕಗಳನ್ನು ನೂರು ವರ್ಷ ಮುಚ್ಚಿಟ್ಟು ಅನಂತರ ಸಾರ್ವಜನಿಕರಿಗೆ ತೆರೆಯುವುದು ಅಲ್ಲಿಯ ರೂಢಿ. ಇವುಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಅಪ್ಪಣೆಯಾಗಿತ್ತು; ಮೂವತ್ತನಾಲ್ಕರ ಕಮ್ಮಾರ ಅಲ್ಲಿ ಮೂವತ್ತರವನು. ಅನಂತರದ ಗಣತಿಗಳಲ್ಲಿಯೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಏಳೇ ವರ್ಷ ಬೆಳೆದವರು ಅನೇಕರು. ಇದು ಯೌವನದ ವ್ಯಾಮೋಹವೇ ಆಗಬೇಕಾಗಿಲ್ಲ. ಎಷ್ಟೋ ಮಂದಿಗೆ ತಮ್ಮ ವಯಸ್ಸೇ ಸರಿಯಾಗಿ ತಿಳಿಯದು. ಹೆಸರುಗಳಂತೂ ಗಣತಿಯವನ ಕಿವಿಗೆ ಹೇಗೆ ಬಿದ್ದವೋ ಹಾಗೆ. ಹೆಂಗಸರ ಕಸುಬಿನ ಕಲಮಿನಲ್ಲಿ ಬಹುಮಟ್ಟಿಗೆ ಏನೂ ಇರುವುದಿಲ್ಲ. ಮನೆಯಲ್ಲಿ ಕುಳಿತು ರಾತ್ರಿಯೆಲ್ಲಾ ಬೆಂಕಿಪೆಟ್ಟಿಗೆ ಅಂಟಿಸಿದವಳೂ ಆ ಕಾಗದದ ಮೇಲೆ ಬರಿಯ ಹೆಂಡತಿ.

ಸಾರಾಳನ್ನು ಹುಡುಕಿದವರು ಹಿಡಿದದ್ದು ಇಂಥ ಎಳೆಗಳನ್ನೇ. ಆಕೆ ಹುಟ್ಟಿದ್ದು 1862ರ ಅಕ್ಟೋಬರ್ 31ರಂದು. ಬೆಳೆದದ್ದು ಪೂರ್ವ ಲಂಡನ್ನಿನ ಮೈಲ್ ಎಂಡ್ ಪ್ರದೇಶದಲ್ಲಿ. ತಂದೆ ಸ್ಯಾಮ್ಯುಯಲ್ ಚಾಪ್‌ಮನ್ ಬಿಯರ್ ತಯಾರಿಸುವ ಕಾರ್ಖಾನೆಯ ಆಳು. ತಾಯಿಯ ಹೆಸರೂ ಸಾರಾ. ಏಳು ಮಕ್ಕಳಲ್ಲಿ ಈಕೆ ಐದನೆಯವಳು. ಹತ್ತೊಂಬತ್ತರ ಪ್ರಾಯದ ಹೊತ್ತಿಗೆ ತಾಯಿ, ಅಕ್ಕ, ಈಕೆ, ಮೂವರೂ ಬೋ ಪ್ರದೇಶದ ಬ್ರಯಂಟ್ ಅಂಡ್ ಮೇ ಕಂಪನಿಯ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆಕೆಯ ಕಸುಬಿಗೆ ದಾಖಲೆ ಕೊಡುವ ಹೆಸರು ಕಡ್ಡಿ ಮಾಡುವ ಯಂತ್ರದ ಕೆಲಸಗಾರ್ತಿ ಎಂದಷ್ಟೆ.

ಆ ಒಂದು ಮಾತಿನ ಹಿಂದೆ ಏನಿತ್ತೆಂಬುದನ್ನು ದಾಖಲೆ ಹೇಳುವುದಿಲ್ಲ. ಅದನ್ನು ಹೇಳಿದವರು ಬೆಸೆಂಟರು. 1888ರ ಜೂನ್ 23ರಂದು ತಮ್ಮ ‘ದಿ ಲಿಂಕ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನಕ್ಕೆ ‘ಲಂಡನ್ನಿನಲ್ಲಿ ಬಿಳಿಯರ ಗುಲಾಮಗಿರಿ’ ಎಂಬ ಅರ್ಥದ ತಲೆಬರಹವಿತ್ತು. ಬೇಸಗೆಯಲ್ಲಿ ಬೆಳಗಿನ ಆರೂವರೆಗೆ, ಚಳಿಗಾಲದಲ್ಲಿ ಎಂಟಕ್ಕೆ ಕೆಲಸ ಆರಂಭ. ಮುಗಿಯುವುದು ಸಂಜೆ ಆರಕ್ಕೆ. ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ. ಬಹುಪಾಲು ಹೊತ್ತು ನಿಂತೇ ದುಡಿಯಬೇಕು. ಹದಿನಾರರ ಹುಡುಗಿಯೊಬ್ಬಳ ವಾರದ ಗಳಿಕೆ ನಾಲ್ಕು ಶಿಲ್ಲಿಂಗ್. ಅಕ್ಕನೊಡನೆ ಇರುವ ಒಂದೇ ಕೋಣೆಯ ಬಾಡಿಗೆ ಎರಡು ಶಿಲ್ಲಿಂಗ್. ಅದೇ ಕಂಪನಿಯ ಪಾಲುದಾರರು ನೂರಕ್ಕೆ ಇಪ್ಪತ್ತಮೂರರಂತೆ ಲಾಭಾಂಶ ಪಡೆಯುತ್ತಿದ್ದರೆಂದೂ, ಅವರಲ್ಲಿ ಪಾದ್ರಿಗಳೂ ಇದ್ದರೆಂದೂ ಬೆಸೆಂಟರು ತೋರಿಸಿಕೊಟ್ಟರು. ಅವರ ಪತಿಯೂ ಪಾದ್ರಿಯಾಗಿದ್ದರೆಂಬುದನ್ನು ನೆನೆದರೆ ಆ ವಾಕ್ಯದ ಮೊನಚು ಇನ್ನಷ್ಟು ತಿಳಿದೀತು.

ಇದರ ಮೇಲೆ ಜುಲ್ಮಾನೆ. ಕಾಲು ಕೊಳೆಯಾಗಿದ್ದರೆ ಮೂರು ಪೆನ್ನಿ. ಬೆಂಚಿನ ಕೆಳಗೆ ಕಸವಿದ್ದರೆ ಮೂರು ಪೆನ್ನಿ. ಸುಟ್ಟ ಕಡ್ಡಿಗಳು ಬೆಂಚಿನ ಮೇಲೆ ಉಳಿದಿದ್ದರೆ ಒಂದು ಶಿಲ್ಲಿಂಗ್, ಎಂದರೆ ಹನ್ನೆರಡು ಪೆನ್ನಿ. ನಾಲ್ಕು ಶಿಲ್ಲಿಂಗಿನವಳಿಗೆ ವಾರದ ಕಾಲು ಪಾಲು. ತಡವಾಗಿ ಬಂದವಳಿಗೆ ಅರ್ಧ ದಿನ ಬಾಗಿಲು ಮುಚ್ಚಿ, ಐದು ಪೆನ್ನಿ ಕಡಿತ. ತನ್ನ ಬೆರಳು ಉಳಿಸಿಕೊಳ್ಳಲು ಹೋಗಿ ಯಂತ್ರದಲ್ಲಿ ಎಳೆ ಸುತ್ತಿಕೊಳ್ಳಲು ಬಿಟ್ಟ ಹುಡುಗಿಗೆ ಒಂದು ಶಿಲ್ಲಿಂಗ್ ದಂಡ ಹಾಕಿ, ಬೆರಳಿನ ಚಿಂತೆ ಬೇಡ, ಯಂತ್ರ ನೋಡಿಕೋ ಎಂದು ಗದರಿಸಲಾಯಿತಂತೆ. ಆ ಮಾತನ್ನು ಪಾಲಿಸಿದ ಇನ್ನೊಬ್ಬಳು ಬೆರಳು ಕಳೆದುಕೊಂಡಳು.

ಇಷ್ಟೇ ಆಗಿದ್ದರೆ ಇದು ಅಂದಿನ ಎಷ್ಟೋ ಕಾರ್ಖಾನೆಗಳ ಕಥೆ. ಬೆಂಕಿಕಡ್ಡಿಯವರಿಗೆ ಬೇರೊಂದು ಶಾಪವಿತ್ತು. ಎಲ್ಲಿ ಗೀರಿದರೂ ಹೊತ್ತಿಕೊಳ್ಳುವ ಕಡ್ಡಿಯ ತಲೆಗೆ ಅಂದು ಹಾಕುತ್ತಿದ್ದುದು ಬಿಳಿಯ ರಂಜಕ. ಅದರ ಹೊಗೆ ಉಸಿರಿನೊಡನೆ, ಕೆಲಸದ ಬೆಂಚಿನ ಬಳಿಯೇ ತಿನ್ನುವ ರೊಟ್ಟಿಯೊಡನೆ ದೇಹಕ್ಕೆ ಸೇರಿ, ಹುಳುಕುಹಲ್ಲಿನ ದಾರಿಯಿಂದ ದವಡೆಯ ಮೂಳೆಯನ್ನು ಹಿಡಿಯುತ್ತಿತ್ತು. ಮೊದಲು ಹಲ್ಲುನೋವು, ಬಾವು. ಆಮೇಲೆ ಮೂಳೆಯೇ ಕೊಳೆತು ದುರ್ವಾಸನೆ. ದವಡೆಯನ್ನು ಕತ್ತರಿಸಿ ತೆಗೆಯದಿದ್ದರೆ ಎಷ್ಟೋ ಸಲ ಸಾವೇ ಗತಿ. ಈ ಅಪಾಯವಿಲ್ಲದ ಕೆಂಪು ರಂಜಕ ಆಗಲೇ ಬಳಕೆಯಲ್ಲಿತ್ತು. ಬೆಲೆ ಮಾತ್ರ ಹೆಚ್ಚು. ಬ್ರಿಟನ್ನಿನಲ್ಲಿ ಬಿಳಿಯ ರಂಜಕವನ್ನು ನಿಷೇಧಿಸುವ ಕಾನೂನು ಬಂದದ್ದು 1908ರಲ್ಲಿ, ಜಾರಿಯಾದದ್ದು 1910 ಕಳೆದ ಮೇಲೆ.

ಲೇಖನ ಹೊರಬಿದ್ದ ಕೂಡಲೆ ಕಂಪನಿಯ ಯಜಮಾನರು ಕೆರಳಿದರು. ಪತ್ರಿಕೆಯಲ್ಲಿ ಬಂದುದೆಲ್ಲ ಸುಳ್ಳು, ತಾವು ಸುಖವಾಗಿದ್ದೇವೆ ಎಂಬ ಹೇಳಿಕೆಗೆ ರುಜು ಹಾಕುವಂತೆ ಕೆಲಸಗಾರರ ಮುಂದೆ ಕಾಗದ ಹಿಡಿಯಲಾಯಿತು. ಅವರು ಹಾಕಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದರು. ಉಳಿದವರು ಎದ್ದು ಹೊರಟರು. ಒಂದೆರಡು ದಿನಗಳಲ್ಲಿ ಸುಮಾರು 1,400 ಮಂದಿ ಹೊರಗಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬಹುಕಾಲ ಪುಸ್ತಕಗಳೆಲ್ಲ ಈ ಮುಷ್ಕರವನ್ನು ಬೆಸೆಂಟರು ನಡೆಸಿದರೆಂದೇ ಬರೆದವು. ಆದರೆ ಅವರ ಲೇಖನ ಕೇಳಿಕೊಂಡದ್ದು ಕೊಳ್ಳುವವರನ್ನು. ಈ ಕಂಪನಿಯ ಕಡ್ಡಿ ಕೊಳ್ಳಬೇಡಿರೆಂದು. ಕೆಲಸ ಬಿಡಿರೆಂದು ಅವರು ಯಾರಿಗೂ ಹೇಳಿರಲಿಲ್ಲ. ಬಿಟ್ಟು ಬಂದವರು ತಾವಾಗಿ ಬಿಟ್ಟು, ಆಮೇಲೆ ಅವರ ಬಾಗಿಲಿಗೆ ಬಂದರು. 2009ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೂಯೀಸ್ ರಾ ಎಂಬ ಇತಿಹಾಸಕಾರ್ತಿ, ಅಂದಿನ ಕೆಲವು ಕಾರ್ಮಿಕ ಸ್ತ್ರೀಯರ ಮೊಮ್ಮಕ್ಕಳನ್ನು ಹುಡುಕಿ ಮಾತನಾಡಿಸಿ, ಮುಷ್ಕರದ ಮುಂದಾಳುತನ ಕಾರ್ಖಾನೆಯ ಒಳಗಿನಿಂದಲೇ ಹುಟ್ಟಿತೆಂದು ವಾದಿಸಿದರು. ಬೆಸೆಂಟರ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಬಂದವರನ್ನು ಅವರು ಕೈಬಿಡಲಿಲ್ಲ. ಹಣ ಕೂಡಿಸಿದರು, ಪಾರ್ಲಿಮೆಂಟಿನ ಸದಸ್ಯರ ಮುಂದೆ ಹುಡುಗಿಯರನ್ನೇ ನಿಲ್ಲಿಸಿ ಮಾತನಾಡಿಸಿದರು.

ಸಾರಾ ಆ ವೇಳೆಗೆ ಹೊಸಬಳೇನಲ್ಲ. ಇಪ್ಪತ್ತೈದು ದಾಟಿದವಳು, ಕಾರ್ಖಾನೆಯಲ್ಲಿ ಲೆಕ್ಕ ಬರೆದುಕೊಳ್ಳುವ ಕೆಲಸಕ್ಕೆ ಬಂದು, ಜೊತೆಯವರಿಗಿಂತ ತುಸು ಉತ್ತಮ ಕೂಲಿ ಪಡೆಯುತ್ತಿದ್ದವಳು. ಏನೂ ಇಲ್ಲದವರು ಎದ್ದು ನಿಲ್ಲುವುದನ್ನು ಲೋಕ ಸುಲಭವಾಗಿ ಅರ್ಥಮಾಡಿಕೊಳ್ಳುತ್ತದೆ. ಕಳೆದುಕೊಳ್ಳಲು ಅಷ್ಟಿಷ್ಟು ಇದ್ದವಳು ಮೊದಲ ಮೂವರಲ್ಲಿ ಒಬ್ಬಳಾಗಿ ಮೆಟ್ಟಿಲು ಹತ್ತಿದಳೆಂಬುದನ್ನು ಎಷ್ಟು ಬಾರಿ ಯೋಚಿಸಿದರೂ ಸಾಲದು.

ಜುಲೈ 17ರ ಹೊತ್ತಿಗೆ ಕಂಪನಿ ಒಪ್ಪಿತು. ಜುಲ್ಮಾನೆಗಳು ರದ್ದು, ಕಡಿತಗಳು ರದ್ದು, ಊಟತಿಂಡಿಗೆ ರಂಜಕದಿಂದ ದೂರವಾದ ಬೇರೆ ಕೋಣೆ, ದೂರುಗಳನ್ನು ಮೇಸ್ತ್ರಿಗಳ ಕೈದಾಟಿಸಿ ನೇರವಾಗಿ ಯಜಮಾನರಿಗೆ ಹೇಳುವ ಹಕ್ಕು, ಎಲ್ಲರಿಗೂ ಮರಳಿ ಕೆಲಸ. ಹತ್ತು ದಿನಗಳ ತರುವಾಯ ಸ್ಥಾಪನೆಯಾದ ಬೆಂಕಿಕಡ್ಡಿ ಕೆಲಸಗಾರ ಸ್ತ್ರೀಯರ ಸಂಘದ ಸಮಿತಿಗೆ ಸಾರಾ ಆಯ್ಕೆಯಾದಳು. ಆ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಆಕೆಯೇ ಸಂಘದ ಪ್ರತಿನಿಧಿ. 1890ರಲ್ಲಿ ಲಿವರ್‌ಪೂಲಿನ ಕಾರ್ಮಿಕ ಸಂಘಗಳ ಮಹಾಸಭೆಗೂ ಹೋಗಿ, ಟ್ರಕ್ ಆಕ್ಟನ್ನು ಕುರಿತ ಒಂದು ಗೊತ್ತುವಳಿಯನ್ನು ಅನುಮೋದಿಸಿದಳೆಂದು ತಿಳಿದುಬರುತ್ತದೆ. ಕೂಲಿಯನ್ನು ಸಾಮಾನಿನ ರೂಪದಲ್ಲಿ ಕೊಡುವುದು, ಮನಬಂದಂತೆ ಮುರಿದುಕೊಳ್ಳುವುದು, ಇವುಗಳನ್ನು ತಡೆಯಲು ಇದ್ದ ಕಾನೂನು ಅದು. ಮುರಿದುಕೊಳ್ಳುವುದೆಂದರೇನೆಂದು ಆಕೆಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಬೋ ಚರ್ಚಿನ ಬಳಿ ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ನರ ಪ್ರತಿಮೆಯನ್ನು 1882ರಲ್ಲಿ ನಿಲ್ಲಿಸಿದವರು ಕಂಪನಿಯ ಯಜಮಾನರೊಬ್ಬರು. ಅದಕ್ಕಾಗಿ ಪ್ರತಿ ಹುಡುಗಿಯ ಕೂಲಿಯಿಂದ ಒಂದು ಶಿಲ್ಲಿಂಗ್ ಮುರಿದು, ಅನಾವರಣದ ದಿನ ಅರ್ಧ ದಿನದ ಸಂಬಳವಿಲ್ಲದ ರಜೆಯನ್ನೂ ಕೊಟ್ಟರೆಂದು ಬೆಸೆಂಟರು ಬರೆದಿದ್ದಾರೆ. ಕೆಲವರು ಕಲ್ಲುಗಳನ್ನು ಹಿಡಿದು ಆ ಸಮಾರಂಭಕ್ಕೆ ಹೋದರಂತೆ. ಕೆಲವರು ತೋಳು ಕುಯ್ದುಕೊಂಡು, ನಮ್ಮ ರಕ್ತದಿಂದ ಬೆಲೆ ತೆತ್ತದ್ದು ಇದು ಎಂದು ಪ್ರತಿಮೆಯ ಮೇಲೆ ರಕ್ತ ಹರಿಸಿದರಂತೆ.

ಮುಷ್ಕರದ ನಿಧಿಯಿಂದ ಹಣ ಹಂಚಿದಾಗ ಒಂದು ಪುಸ್ತಕವಿಟ್ಟಿದ್ದರು. ಹೆಸರು, ವಿಳಾಸ, ಪಡೆಯುತ್ತಿದ್ದ ಕೂಲಿ, ಕೊಟ್ಟ ಸಹಾಯ, ಎಲ್ಲವೂ ಅದರಲ್ಲಿ ಸಾಲುಸಾಲಾಗಿದೆ. ಅದು ಇಂದು ಲಂಡನ್ನಿನ ಕಾರ್ಮಿಕ ಸಂಘಗಳ ಗ್ರಂಥಭಂಡಾರದಲ್ಲಿದೆ. ಬಡವರ ವಿಷಯವಾಗಿ ಅಂದು ಹುಟ್ಟಿದ ಕಾಗದವೆಲ್ಲ ಬಹುಮಟ್ಟಿಗೆ ಪೋಲೀಸಿನದು, ಅನಾಥಾಲಯದ್ದು, ಆಸ್ಪತ್ರೆಯದು. ಅವರು ಸೋತ ದಿನದ ಲೆಕ್ಕ. ತಮ್ಮವರಿಗಾಗಿ ತಮ್ಮವರು ಹಿಡಿದ ಲೆಕ್ಕ ಸಿಗುವುದು ಅಪರೂಪ. ವಂಶವನ್ನು ಹುಡುಕುವವರಿಗೆ ಇಂಥ ಪುಸ್ತಕದಲ್ಲಿ ಒಂದು ವಿಳಾಸ ಸಿಕ್ಕರೆ ಸಾಕು, ಖಾನೇಷುಮಾರಿಯ ಬಾಗಿಲು ತಾನಾಗಿ ತೆರೆಯುತ್ತದೆ.

ಇಷ್ಟೆಲ್ಲ ಇದ್ದೂ ಸಾರಾ ಕಳೆದುಹೋದದ್ದೆಲ್ಲಿ? ಮದುವೆಯ ಪುಸ್ತಕದಲ್ಲಿ. 1891ರ ಡಿಸೆಂಬರಿನಲ್ಲಿ ಆಕೆ ಚಾರ್ಲ್ಸ್ ಹೆನ್ರಿ ಡಿಯರ್‌ಮನ್ ಎಂಬ ಮರಗೆಲಸದವನನ್ನು ವರಿಸಿದಳು. ಕಪಾಟು, ಮೇಜುಗಳನ್ನು ಮಾಡುವವನು. ಆ ವೇಳೆಗೆ ಕಾರ್ಖಾನೆಯ ಕೆಲಸ ಬಿಟ್ಟಿದ್ದಳು. ಮರುವರ್ಷವೇ ಮೊದಲನೆಯ ಮಗಳು. ಅವಳಿಗೂ ಸಾರಾ ಎಂದೇ ಹೆಸರು. ಅಲ್ಲಿಂದ ಮುಂದೆ ಐದು ಮಕ್ಕಳು. ಸಂಸಾರ ಬೆತ್ನಲ್ ಗ್ರೀನಿಗೆ ಬಂದು ನೆಲಸಿತು. ಚಾಪ್‌ಮನ್ ಎಂಬ ಹೆಸರನ್ನು ಇತಿಹಾಸ ಬಲ್ಲುದು, ಡಿಯರ್‌ಮನ್ ಎಂಬ ಹೆಸರನ್ನು ಮೊಮ್ಮಕ್ಕಳು ಬಲ್ಲರು. ಎರಡೂ ಒಬ್ಬಳೇ ಎಂದು ತಿಳಿಸುವ ಸಾಲು ಆ ಒಂದು ಪುಸ್ತಕದಲ್ಲಿ ಯಾರಾದರೂ ಬಂದು ತೆರೆಯಲೆಂದು ಕಾಯುತ್ತಿತ್ತು. ತವರಿನ ಹೆಸರು ಬಿದ್ದುಹೋದಲ್ಲಿಯೇ ಸ್ತ್ರೀಯರ ಚರಿತ್ರೆ ಮುರಿಯುವುದೆಂದು ಇಂಥ ಹುಡುಕಾಟದಲ್ಲಿ ನುರಿತವರೆಲ್ಲ ಬಲ್ಲರು.

1911ರ ಗಣತಿ ಆ ದೇಶದ ವಿವಾಹಿತ ಸ್ತ್ರೀಯರ ವಿಷಯವಾಗಿ ಒಂದು ಕಠೋರವಾದ ಪ್ರಶ್ನೆ ಕೇಳಿತು: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು. ಮೂರು ಚಿಕ್ಕ ಮನೆಗಳಲ್ಲಿ ಮೂರು ಅಂಕಿ. ಸಾರಾಳ ಆರು ಮಕ್ಕಳಲ್ಲಿ ಆಕೆಯ ಕೊನೆಗಾಲಕ್ಕೆ ಉಳಿದವರು ಮೂವರು. ಗಂಡ 1922ರಲ್ಲಿ ತೀರಿಕೊಂಡ. ಅನಂತರ ಇಪ್ಪತ್ತಮೂರು ವರ್ಷಗಳ ವೈಧವ್ಯ. ಎರಡನೆಯ ಮಹಾಯುದ್ಧವೂ ಬಂದು ಮುಗಿಯಿತು. 1945ರ ಜುಲೈಯಲ್ಲಿ ಕಾರ್ಮಿಕ ಪಕ್ಷ ಇಂಗ್ಲೆಂಡಿನಲ್ಲಿ ಬಹುಮತದಿಂದ ಅಧಿಕಾರಕ್ಕೆ ಬಂತು. ಅದೇ ನವೆಂಬರ್ 27ರಂದು, ತನ್ನ ಎಂಬತ್ತಮೂರನೆಯ ವಯಸ್ಸಿನಲ್ಲಿ, ಸಾರಾ ಬೆತ್ನಲ್ ಗ್ರೀನಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ರೋಗದಿಂದ ಪ್ರಾಣಬಿಟ್ಟಳು. ವಿಧವೆಯರ ಮರಣಪತ್ರದಲ್ಲಿ ಕಸುಬೆಂಬ ಕಲಮಿನಲ್ಲಿ ಗಂಡನ ಕಸುಬನ್ನೇ ಬರೆಯುವುದು ಅಂದಿನ ಪದ್ಧತಿ. ಮ್ಯಾನರ್ ಪಾರ್ಕ್ ಸ್ಮಶಾನದಲ್ಲಿ, ಗುರುತಿನ ಕಲ್ಲಿಲ್ಲದ ಒಂದೇ ಗುಂಡಿಯಲ್ಲಿ, ಬೇರೆ ಐವರು ಮುದುಕರೊಡನೆ ಆಕೆಯನ್ನು ಹೂಳಲಾಯಿತು.

ಮನೆಯಲ್ಲಿ ಆಕೆ ತನ್ನ ಪ್ರಾಯದ ದಿನಗಳನ್ನು ಹೇಳಿಕೊಳ್ಳಲಿಲ್ಲವೆ? ಹೇಳಿದರೂ ಕೇಳುವವರಿಗೆ ಬಿಡುವಿರಲಿಲ್ಲವೆ? ಕೂಡುಮನೆಯ ಒಲೆಯ ಮುಂದೆ ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜಕುಮಾರಿಯರಿಗಿರುವ ಸ್ಥಾನ ಅಜ್ಜಿಗೇ ಇರುವುದಿಲ್ಲ. ಇದಕ್ಕೆ ದೇಶಭೇದವಿದ್ದಂತೆ ತೋರದು. ಅಂತೂ ಎರಡು ತಲೆಮಾರು ಕಳೆದವು. ಈ ಶತಮಾನದ ಆರಂಭದಲ್ಲಿ ಒಬ್ಬ ಸಂಶೋಧಕಿ ತನ್ನ ವಿಶ್ವವಿದ್ಯಾನಿಲಯದ ಅಧ್ಯಯನಕ್ಕಾಗಿ ಸಾರಾಳ ಎಳೆಯನ್ನು ಹಿಡಿದಳು. ಆಕೆಯ ವಂಶದವರು ಯಾರಾದರೂ ಇದ್ದರೆ ತಿಳಿಸಿರೆಂದು ವಿಚಾರಣೆಯನ್ನೂ ಹೊರಡಿಸಿದಳು. ಉತ್ತರ ಬರಲು ವರ್ಷಗಳೇ ಹಿಡಿದವು. ಕೊನೆಗೆ, ತನ್ನ ಮನೆಯವರ ವಂಶವೃಕ್ಷವನ್ನು ಕೂಡಿಸುತ್ತಿದ್ದ ಒಬ್ಬ ಮಹಿಳೆಯ ಕಣ್ಣಿಗೆ ಆ ಹಳೆಯ ವಿಚಾರಣೆ ಬಿತ್ತು. ಅದರಲ್ಲಿದ್ದ ಹೆಸರು ಆಕೆಯ ಮುತ್ತಜ್ಜಿಯದು.

ಮುಂದಿನದು ಸಮಾಧಿಯ ಹುಡುಕಾಟ. ಸ್ಮಶಾನದ ಪುಸ್ತಕದಲ್ಲಿ ಅಂಕಿಯುಂಟು, ನೆಲದ ಮೇಲೆ ಹುಲ್ಲುಂಟು, ಕಲ್ಲಿಲ್ಲ. 2017ರಲ್ಲಿ ಆ ಸ್ಥಳ ಗೊತ್ತಾಯಿತು. ಹೆಚ್ಚು ದಿನ ಕಳೆಯುವ ಮುನ್ನವೇ, ಹೊಸ ಸಮಾಧಿಗಳಿಗೆ ಎಡೆ ಮಾಡಲು ಆ ಭಾಗದ ಮೇಲೆ ಮಣ್ಣು ಏರಿಸುವ ಆಲೋಚನೆಯಿದೆಯೆಂಬ ಸುದ್ದಿ ಬಂತು. ಎಪ್ಪತ್ತು ವರ್ಷ ಯಾರೂ ಕೇಳದಿದ್ದ ನೆಲಕ್ಕಾಗಿ ಜನ ಅರ್ಜಿ ಬರೆದು ರುಜು ಕೂಡಿಸಿದರು. ಪಾರ್ಲಿಮೆಂಟಿನಲ್ಲಿಯೂ ಮಾತು ಬಂತು. 1888ರಲ್ಲಿ ರುಜು ಹಾಕಲು ನಿರಾಕರಿಸಿದವಳಿಗಾಗಿ ಈ ರುಜುಗಳು.

ಕಾರ್ಖಾನೆ 1979ರಲ್ಲಿ ಮುಚ್ಚಿತು. ಕೆಂಪಿಟ್ಟಿಗೆಯ ಆ ಕಟ್ಟಡಗಳು ಈಗ ಉಳ್ಳವರ ವಾಸದ ಮನೆಗಳು. 2022ರ ಜುಲೈಯಲ್ಲಿ ಅದರ ಗೋಡೆಗೆ, ಲಂಡನ್ನಿನಲ್ಲಿ ಪ್ರಸಿದ್ಧರ ಮನೆಗಳಿಗೆ ಹಾಕುವ ನೀಲಿಯ ದುಂಡು ಫಲಕವೊಂದನ್ನು, ಮುಷ್ಕರದ ನೆನಪಿಗೆಂದು ಹಾಕಿದರು. ಸಾರಾಳ ಮರಿಮಗಳು ಆ ದಿನ ಅಲ್ಲಿದ್ದಳು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಬೋ ಚರ್ಚಿನ ಎದುರು, ಗ್ಲಾಡ್‌ಸ್ಟನ್ನರ ಪ್ರತಿಮೆ ಕೈ ಮುಂದೆ ಚಾಚಿಕೊಂಡು ಇನ್ನೂ ನಿಂತಿದೆ. ಆ ಕೈಗೆ ಯಾರೋ ಕೆಂಪು ಬಣ್ಣ ಬಳಿಯುತ್ತಾರೆ. ತೊಳೆದರೆ ಮತ್ತೆ ಬಳಿಯುತ್ತಾರೆ.